ಕೆಂಪು ಕಾರಿನ ಗಾಳಿಯೂ ಸೋನಾಬಾಯಿಯ ಹಂಡೆಯೂ

ಬೆಳಗಿನ ಐದೂವರೆ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ರಾತ್ರಿ ಪಾಳಿಯ ಮಗ್ಗಗಳು ಇನ್ನೂ ಸದ್ದು ಮಾಡುತ್ತಿವೆ. ಓಣಿಯ ಕೊನೆಯ ತಗಡಿನ ಶೆಡ್ಡಿನ ಹಿಂದೆ ಸೋನಾಬಾಯಿ ಒಬ್ಬರೇ ಕುಳಿತು ತಾಮ್ರದ ಹಂಡೆ ತಿಕ್ಕುತ್ತಿದ್ದಾರೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಹಂಡೆಯ ಕೆಳಗಿನ ಒಲೆ ಆರಿ ಹನ್ನೊಂದು ದಿನವಾಗಿದೆ. ಒಲೆ ಉರಿಯದಿದ್ದರೆ ಹೊಸ ಮಸಿ ಎಲ್ಲಿಂದ ಬರಬೇಕು? ಆದರೂ ತಿಕ್ಕುತ್ತಾರೆ.

“ಮನಿ ಹಂಡೆ ಆದ್ರ ಒಂದಿನ ಬಿಟ್ಟರೂ ನಡೀತದ್ರಿ. ಇದು ಕೆಲಸದ ಹಂಡೆ,” ಎನ್ನುತ್ತಾರೆ.

ಹಾಗೆ ನೋಡಿದರೆ ಇದು ಮನೆಯದೇ. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಬೋರಾಮಣಿಯ ಮನೆಯಿಂದ ಈ ಶೆಡ್ಡಿಗೆ ಟಮಟಮ್ ಆಟೊದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ತಂದವರು ಅವರೇ. ಯಾಕೆ ತಂದರು ಎಂಬುದೇ ಈ ಕಥೆ.

ಶೆಡ್ಡಿನಲ್ಲಿ ತಯಾರಾಗುವುದು ಕಾರಿನ ಏರ್ ಫಿಲ್ಟರು. ಸಾದಾ ಕಾಗದದ್ದಲ್ಲ, ವೇಗದ ಹುಚ್ಚಿರುವವರು ಹಾಕಿಸಿಕೊಳ್ಳುವ ಅರಿವೆಯದ್ದು. ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಗೆ ನಾಲ್ಕು ಪದರ ಜಾಳು ಹತ್ತಿಯರಿವೆ, ಎರಡೂ ಮಗ್ಗುಲಿಗೆ ತಂತಿಬಲೆ, ಅರಿವೆಗೆ ತೆಳುವಾಗಿ ಎಣ್ಣೆ. ಧೂಳು ಎಣ್ಣೆಗೆ ಅಂಟುತ್ತದೆ, ಗಾಳಿ ಒಳಗೆ ಹೋಗುತ್ತದೆ. ಒಂದು ಫಿಲ್ಟರಿಗೆ ನಲವತ್ತೆರಡು ನಿರಿಗೆ, ದಿನಕ್ಕೆ ಅರವತ್ತು ಫಿಲ್ಟರು. ದಿನಕ್ಕೆ ಎರಡೂವರೆ ಸಾವಿರ ನಿರಿಗೆ ಹಿಡಿಯುವ ಸೋನಾಬಾಯಿಗೆ ತಮ್ಮ ಸೀರೆಯ ನಿರಿಗೆ ಸರಿಪಡಿಸಿಕೊಳ್ಳಲು ಪುರುಸೊತ್ತಿಲ್ಲ. ತಯಾರಾದ ಮಾಲು ಹೋಗುವ ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಅಕ್ಷರಗಳೂ ಒಂದು ಹಿಮದ ಬೆಟ್ಟವೂ ಇವೆ. ಸೊಲ್ಲಾಪುರಕ್ಕೂ ಹಿಮಕ್ಕೂ ಏನು ನಂಟೆಂದು ಈವರೆಗೆ ಯಾವ ಗಿರಾಕಿಯೂ ಕೇಳಿಲ್ಲ.

ಅವರಿಗೀಗ ಐವತ್ತಾರು. ಇದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಒಂದು ಟವೆಲ್ ಕಾರ್ಖಾನೆಯ ಗಂಜಿ ಖೋಲಿಯಲ್ಲಿದ್ದರು. ಮಗ್ಗದ ಮೇಲೆ ನೂಲು ಹರಿಯದಿರಲೆಂದು ಅದನ್ನು ಮೊದಲು ಬಿಸಿ ಗಂಜಿಯಲ್ಲಿ ಅದ್ದಿ ತೆಗೆಯುವ ಕೆಲಸ. ಬಲ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಇವತ್ತಿಗೂ ಮಿರುಗುತ್ತದೆ; ಹಬೆ ಬಡಿದ ಗುರುತು. ಆ ಕಾರ್ಖಾನೆ ಮುಚ್ಚಿದ ದಿನ ಎಲ್ಲರಿಗೂ ಒಂದೊಂದು ಟವೆಲ್ ಕೊಟ್ಟು ಕಳಿಸಿದರಂತೆ.

“ಕಣ್ಣ ಒರಸ್ಕೊಳ್ಳಾಕ ಇರಬೇಕ್ರಿ,” ಎಂದು ನಗುತ್ತಾರೆ. “ಅದೂ ನೀರು ಹೀರ್ತಿರಲಿಲ್ಲ ನೋಡ್ರಿ.”

ಈ ಮಳೆಗಾಲದ ಆರಂಭದಲ್ಲಿ ಶೆಡ್ಡಿಗೆ ಒಂದು ಕೆಂಪು ಕಾರು ಬಂತು. ಎರಡೇ ಸೀಟಿನ, ಮೂವತ್ತು ವರ್ಷದ ಸ್ಪೋರ್ಟ್ಸ್ ಕಾರು. ಸೊಲ್ಲಾಪುರದ ಬಟ್ಟೆ ವ್ಯಾಪಾರಿಗಳ ಮನೆಯ ಹುಡುಗ, ಯುವರಾಜ ಎಂಬವನು, ಅದನ್ನು ಮುಂಬೈಯಿಂದ ತಂದಿದ್ದ. ಎಂಜಿನ್ನಿನ ಗಾಳಿ ಹೊಗುವ ಹಳೆಯ ಕಪ್ಪು ಡಬ್ಬಿ ಕಿತ್ತು ಅಟ್ಟಕ್ಕೆಸೆದು, ಈ ಶೆಡ್ಡಿನದೇ ಒಂದು ಗೋಪುರದಾಕಾರದ ಫಿಲ್ಟರನ್ನು ಬಾನೆಟ್ಟಿನ ಕೆಳಗೆ ಬಯಲಿಗೇ ಸಿಕ್ಕಿಸಿದ್ದ. ಕಾರು ಹುಲಿಯಂತೆ ಗರ್ಜಿಸತೊಡಗಿತು. ಓಟ ಮಾತ್ರ ಎಮ್ಮೆಯದು. ಅದೇ ಹೊತ್ತಿಗೆ ಪುಣೆಯ ಕಂಪನಿಯೊಂದು ದೊಡ್ಡ ಆರ್ಡರು ಕೊಡಲು ಮುಂದೆ ಬಂದು, ‘ನಿಮ್ಮ ಫಿಲ್ಟರು ಹಾಕಿದ ಇದೇ ಕಾರು ಅಕ್ಕಲಕೋಟಕ್ಕೆ ಹೋಗಿ ಬರಲಿ, ನಾವೂ ಕೂರುತ್ತೇವೆ’ ಎಂದಿತ್ತು. ಶೆಡ್ಡಿನ ಮಾಲೀಕ ಅಮೃತಪ್ಪನವರಿಗೆ ಊಟ ಸೇರದಾಯಿತು. ಡಿಪ್ಲೊಮಾ ಮಾಡಿದ ಅವರ ಸೋದರಳಿಯ ಅಮೋಲ್ ಲ್ಯಾಪ್‌ಟಾಪ್ ತಂದು, ಅದನ್ನು ಜೋಡಿಸುವ ತೂತಿಗಾಗಿ ಕಾರಿನ ತುಂಬ ಹುಡುಕಿದ. ಆ ಕಾರು ಹುಟ್ಟಿದ ಕಾಲಕ್ಕೆ ಅಂಥ ತೂತು ಇನ್ನೂ ಬಂದಿರಲಿಲ್ಲ.

ಸೋನಾಬಾಯಿ ಫಿಲ್ಟರನ್ನು ಬಿಚ್ಚಿ ಕೈಗೆ ತೆಗೆದುಕೊಂಡು, ಅದೇ ತಾನಿನ ಉಳಿದ ಅರಿವೆಯ ತುಂಡೊಂದರ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಟ್ಟರು. ಹನಿ ಒಳಗಿಳಿಯಲಿಲ್ಲ. ಮುತ್ತಿನಂತೆ ಕೂತೇ ಇತ್ತು.

“ಅಮೋಲ್ ಸರ, ಈ ಅರಿವಿ ಯಾರು ಕುದಿಸ್ಯಾರ್ರಿ?”

“ಕುದಿಸೂದ್ಯಾಕ ಮಾವಶಿ? ಹೊಸಾ ಅರಿವಿ, ಸ್ವಚ್ಛ ಅದ.” ಇಲ್ಲಿಯ ಹುಡುಗರಿಗೆಲ್ಲ ಸೋನಾಬಾಯಿ ಮಾವಶಿ, ಅಂದರೆ ಚಿಕ್ಕಮ್ಮ.

“ಹೊಸಾದು ಅಂತನ ಕೇಳಾಕತ್ತೀನಿ. ಮಗ್ಗದ ಗಂಜಿ ಹಂಗ ಕುಂತದ. ಎಣ್ಣಿ ಕುಡೀವಲ್ದು, ಗಾಳಿ ಬಿಡವಲ್ದು. ಮಳಿಗಾಲದಾಗ ಉಬ್ಬಿ ಇದ್ದ ತೂತೂ ಮುಚ್ತಾವ.”

“ಮಾವಶಿ, ಇದು ಸ್ಪೋರ್ಟ್ಸ್ ಕಾರ್. ಧೋತರ ಅಲ್ಲ.”

“ಎರಡಕ್ಕೂ ಗಾಳಿ ಬೇಕ್ರಿ.”

ಮೊದಲು ತೊಳೆದ ಅರಿವೆ ಹೊರಗಿನಿಂದ ಬರುತ್ತಿತ್ತು. ಅಮೋಲ್ ಬಂದ ಮೇಲೆ ಪಕ್ಕದ ಮಗ್ಗದಿಂದ ನೇರವಾಗಿ ತರುವ ಪದ್ಧತಿ ಶುರುವಾಗಿತ್ತು. ಗಂಜಿಯ ಊರಿನಲ್ಲಿ ಗಂಜಿಯನ್ನೇ ಮರೆತಿದ್ದರು.

ಮರುದಿನ ಹಂಡೆ ಬಂತು. ಅರಿವೆ ಕುದಿಸಿ, ಜಾಲಿಸಿ, ಒಣಗಿಸಿ, ನಿರಿಗೆ ಹಿಡಿದದ್ದಾಯಿತು. ಆದರೂ ಸೋನಾಬಾಯಿಗೆ ಸಮಾಧಾನವಿಲ್ಲ. ಓಡಿ ನಿಂತ ಕಾರಿನ ಬಾನೆಟ್ ಎತ್ತಿಸಿ, ಫಿಲ್ಟರು ಇದ್ದಲ್ಲಿ ಕೈ ಹಿಡಿದರು. ಎಂಜಿನ್ನಿನ ಕಾವು ಕೈಗೆ ರಾಚಿತು.

“ಕಾದ ಗಾಳಿ ಹಗೂರ ಇರ್ತದ್ರಿ. ಗಂಜಿ ಖೋಲ್ಯಾಗ ಅದನ್ನ ಉಂಡೀನಿ. ಎಷ್ಟು ಎಳಕೊಂಡ್ರೂ ಎದಿ ತುಂಬೂದಿಲ್ಲ. ಆ ಹಳೀ ಡಬ್ಬಿ ಎಲ್ಲದ?”

ಡಬ್ಬಿ ಅಟ್ಟದಿಂದ ಇಳಿಯಿತು. ಅದರ ಕೊಳವೆ ಸೀದಾ ಮುಂದಿನ ದೀಪದ ಪಕ್ಕಕ್ಕೆ ಹೋಗಿ ಹೊರಗಿನ ತಂಪು ಗಾಳಿ ಎಳೆಯುವಂತಿತ್ತು. ಕಾರು ಮಾಡಿದವರೇನೂ ದಡ್ಡರಾಗಿರಲಿಲ್ಲ. ಆ ಕೊಳವೆಯ ಬದಲು ತುಸು ಅಗಲದ್ದೊಂದನ್ನು ಹಾಕಿ, ಡಬ್ಬಿಯೊಳಗೆ ಕುದಿಸಿದ ಅರಿವೆಯ ಚಪ್ಪಟೆ ಫಿಲ್ಟರು ಕೂರಿಸಿದರು. ಯುವರಾಜನ ಮುಖ ಬಾಡಿತು.

“ಸದ್ದೇ ಹೋತಲ್ಲ ಮಾವಶಿ!”

“ಸದ್ದಿನ ಮ್ಯಾಲ ಕುಂತು ಅಕ್ಕಲಕೋಟಕ್ಕ ಹೋಗ್ತೀರೇನ್ರಿ?”

ಪರೀಕ್ಷೆಯ ದಿನ ಬೆಳಿಗ್ಗೆ ಅಮೃತಪ್ಪನವರು ಎಲ್ಲರ ಮುಂದೆ ಹೇಳಿದ್ದರು: “ಗಾಡಿ ಓಡಿದ್ರ ಚೆಕಿಂಗ್ ಮೇಜು ನಿಂದ, ಸೋನವ್ವ.” ಆ ಮೇಜಿನಲ್ಲಿ ಕೂತವರು ಸಹಿ ಹಾಕದೆ ಒಂದು ಫಿಲ್ಟರೂ ಹೊರಗೆ ಹೋಗುವುದಿಲ್ಲ. ಸೋನಾಬಾಯಿ ಬೇರೇನೂ ಕೇಳಿರಲಿಲ್ಲ. “ಕೆಟ್ಟ ಮಾಲಿಗೆ ಕೆಟ್ಟದ ಅನ್ನೂ ಹಕ್ಕ ಒಂದ ಬೇಕಿತ್ರಿ. ಮೂವತ್ತು ವರ್ಷ ಆತು, ಬರೇ ಮನಸಿನಾಗ ಅನ್ಕೋತ ಬಂದೀನಿ.”

ಗಾಡಿ ಓಡಿತು. ಅಕ್ಕಲಕೋಟಕ್ಕೆ ಹೋಗಿ ಬಂದ ಪುಣೆಯ ಸಾಹೇಬರು ಕೂದಲು ಬಾಚಿಕೊಳ್ಳುತ್ತ ಇಳಿದು, ನಿಂತಲ್ಲೇ ನಾನೂರು ಫಿಲ್ಟರಿನ ಮೊದಲ ಆರ್ಡರು ಕೊಟ್ಟರು. ಆ ದಿನದ ಫೋಟೊ ಆಫೀಸಿನ ಗೋಡೆಯ ಮೇಲಿದೆ: ಅಮೃತಪ್ಪ, ಯುವರಾಜ, ಅಮೋಲ್, ಸಾಹೇಬರು. ಸೋನಾಬಾಯಿಯೂ ಇದ್ದಾರೆ, ಎತ್ತಿದ ಬಾನೆಟ್ಟಿನ ಹಿಂದೆ. ಸೆರಗಿನ ತುದಿ ಕಾಣುತ್ತದೆ.

ಮೇಜು ಅಮೋಲ್‌ಗೆ ಹೋಯಿತು. ಪುಣೆಯವರ ಫಾರ್ಮು ಇಂಗ್ಲಿಷಿನಲ್ಲಿದೆ, ಸಹಿಯೂ ಇಂಗ್ಲಿಷಿನಲ್ಲೇ ಆಗಬೇಕಂತೆ.

“ಅಕಿ ಕೈಯಾಗ ಜಾದೂ ಅದ್ರಿ,” ಎನ್ನುತ್ತಾರೆ ಅಮೃತಪ್ಪ, ಮನಸಾರೆ. “ಖರೆ, ಸಹಿ ಇಲ್ಲಲ್ಲ.”

“ಸಹಿ ಅದ್ರಿ,” ಎನ್ನುತ್ತಾರೆ ಸೋನಾಬಾಯಿ. “ಕನ್ನಡದಾಗ ಅದ. ನಾಕನೇತ್ತ ಕಲ್ತೀನಿ.”

ಮೇಜಿನಲ್ಲಿ ಕೂತ ಅಮೋಲ್‌ನ ಮೊದಲ ಅಪ್ಪಣೆ, ಕುದಿಸುವುದು ಬಂದ್. ಮಳೆಯಲ್ಲಿ ಅರಿವೆ ಒಣಗಲು ಎರಡೆರಡು ದಿನ ಬೇಕು, ಆರ್ಡರಿಗೆ ಅಷ್ಟು ವ್ಯವಧಾನವಿಲ್ಲ. ಸೋನಾಬಾಯಿ ಹನಿ ಬಿಟ್ಟು ತೋರಿಸಿದರು. “ಪುಣೆದವರು ನೀರ ಹಾಕಿ ನೋಡ್ತಾರೇನ ಮಾವಶಿ?” ಎಂದು ಅವನು ಸಹಿ ಹಾಕುತ್ತ ಹೋದ. ನಾನೂರಕ್ಕೂ ನಿರಿಗೆ ಹಿಡಿದದ್ದು ಸೋನಾಬಾಯಿಯದೇ ಕೈ. ಗಂಜಿ ಸಮೇತ, ಹಿಮದ ಬೆಟ್ಟದ ಪೆಟ್ಟಿಗೆಗಳಲ್ಲಿ, ಅವು ಕಳೆದ ವಾರ ಹೊರಟುಹೋದವು. ಕೆಂಪು ಕಾರು ಮಾತ್ರ ಚೆನ್ನಾಗಿ ಓಡುತ್ತಿದೆ. ಅದರ ಹಿಂದಿನ ಗಾಜಿಗೆ ಈಗ ಪುಣೆಯ ಕಂಪನಿಯ ಸ್ಟಿಕ್ಕರು.

ಹಂಡೆ ಥಳಥಳಿಸುತ್ತಿದೆ. ಕೆಲಸವಿಲ್ಲದಿದ್ದರೆ ಮನೆಗೆ ಒಯ್ಯಬಾರದೇ ಎಂದರೆ ಸೋನಾಬಾಯಿ ಅದನ್ನು ಮತ್ತೆ ಒಲೆಯ ಮೇಲೆ ಕೂರಿಸಿ, ಕೊಡದಿಂದ ನೀರು ತುಂಬುತ್ತಾರೆ. ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಒಣ ಕಟ್ಟಿಗೆ.

“ನಾಕನೂರೂ ಹೊಳ್ಳಿ ಬರ್ತಾವ್ರಿ. ಬಂದ ದಿನ ಎಲ್ಲಾರೂ ‘ಹಂಡೆ ಎಲ್ಲಿ, ಹಂಡೆ ಎಲ್ಲಿ’ ಅಂತ ಓಡ್ಯಾಡ್ತಾರ. ಅವತ್ತ ಇದಕ್ಕ ಕಿಲುಬು ಹಿಡಿದಿರಬಾರದು. ಅಷ್ಟ.”