ಕಾಗದ ಅಲುಗಿಸಿ ನೋಡುವ ಪರಸಪ್ಪ

ಪರಸಪ್ಪನ ವಿಚಾರ ಹೇಳಬೇಕಾದರೆ ಅವನ ಬಲಗೈ ಹೆಬ್ಬೆರಳಿನಿಂದಲೇ ಶುರು ಮಾಡಬೇಕು. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ, ಹಾಳೆ ಕತ್ತರಿಸಿ, ಆರಿಸಿ, ಕಟ್ಟು ಕಟ್ಟುವ ಕಡೆಯಲ್ಲಿ ಅವನ ಹರೆಯವೆಲ್ಲ ಕಳೆಯಿತು. ಹಾಳೆಯ ಮೇಲೆ ಹೆಬ್ಬೆರಳು ಸರಿಸಿದನೆಂದರೆ ಅದರ ದಪ್ಪ, ನುಣುಪು ಎಲ್ಲ ಹೇಳಿಬಿಡುತ್ತಿದ್ದ. ಅನುಮಾನ ಉಳಿದರೆ ಹಾಳೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದ. ಒಳ್ಳೆಯ ಕಾಗದ ಗರಗರ ಅನ್ನುತ್ತದೆ. ಕಳಪೆಯದು ಒದ್ದೆ ಬಟ್ಟೆಯ ಹಾಗೆ ಸುಮ್ಮನಿರುತ್ತದೆ.

ಮಿಲ್ಲಿನ ಒಳಗೆ ಇದು ವಿದ್ಯೆ, ಹೊರಗೆ ಬಂದರೆ ಹುಚ್ಚು. ನಿವೃತ್ತಿಯಾಗಿ ಬಂಗೂರನಗರದ ಕ್ವಾರ್ಟರ್ಸು ಬಿಟ್ಟು ಬಾಡಿಗೆ ಮನೆಗೆ ಬಂದ ಮೇಲೂ ಆಸಾಮಿ ಈ ಚಟ ಬಿಡಲಿಲ್ಲ. ಲಗ್ನಪತ್ರಿಕೆ ಬಂದರೆ ಯಾರ ಲಗ್ನ ಎಂದು ನೋಡುವ ಮೊದಲು ಅಲುಗಿಸುವುದು. ಕಾಗದ ತೆಳ್ಳಗಿದ್ದರೆ, "ಈ ಸಂಬಂಧ ಭಾಳ ದಿನ ಬಾಳೂದಿಲ್ಲ" ಎಂದು ಷರಾ ಬರೆಯುವುದು.

"ನನ್ನ ನೋಡಾಕ ಬಂದಾಗ ನನ್ನೂ ಹಿಂಗ ಅಲುಗಿಸಿ ನೋಡಬೇಕಿತ್ತು. ಕಿಡ್ನಿ ಆವಾಗ ಸಪ್ಪಳ ಮಾಡ್ತಿದ್ವೋ ಏನೋ" ಎಂದು ಹೆಂಡತಿ ಗೋದುಬಾಯಿ ಒಳಗಿನಿಂದಲೇ ತಿವಿಯುತ್ತಿದ್ದಳು.

ಗೋದುಬಾಯಿಯ ಎರಡೂ ಕಿಡ್ನಿ ಕೆಲಸ ಬಿಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು, ಅಂದರೆ ಮಷೀನಿನಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಅದಕ್ಕಾಗಿ ಗಂಡ ಹೆಂಡತಿ ಬೆಳಗಿನ ಬಸ್ಸು ಹಿಡಿದು, ಹಳಿಯಾಳ ದಾಟಿ, ಧಾರವಾಡಕ್ಕೆ ಹೋಗುತ್ತಿದ್ದರು. ಬರುವಾಗ ಅವಳು ಹಿಂಡಿ ಹಾಕಿದ ಸೀರೆಯ ಹಾಗೆ ಸೀಟಿನಲ್ಲಿ ಬಿದ್ದಿರುತ್ತಿದ್ದಳು. ಒಂದು ಸಂಜೆ ಹಳಿಯಾಳ ಬಸ್ ನಿಲ್ದಾಣದಲ್ಲಿ ತಲೆ ತಿರುಗಿ ನೆಲಕ್ಕೆ ಕುಸಿದಳು. ಧಾರವಾಡದ ಡಾಕ್ಟರು ಪರಸಪ್ಪನನ್ನು ಕರೆದು, "ಹತ್ತಿರದಾಗ ಎಲ್ಲೆರ ವ್ಯವಸ್ಥಾ ನೋಡ್ರಿ ಯಜಮಾನ್ರ. ರೋಗಕ್ಕಿಂತ ಈ ಓಡಾಟನ ಇವರನ್ನ ತಿಂತೈತಿ" ಎಂದರು.

ಹತ್ತಿರ ಅಂದರೆ ಕರಿಹೊಂಡದ ಸರ್ಕಾರಿ ಆಸ್ಪತ್ರೆ. ದಾಂಡೇಲಿಯಿಂದ ಆಟೋದಲ್ಲಿ ಹೋಗಿ ಬರುವ ಹಾದಿ. ಪರಸಪ್ಪ ಹೋಗಿ ಕೇಳಿದಾಗ ಸುವರ್ಣಾ ಎಂಬ ನರ್ಸು, ಅಳುವ ಕೂಸಿಗೆ ಸೂಜಿ ಚುಚ್ಚುತ್ತ, "ಇಲ್ಲಿ ಆಗೂದಿಲ್ಲ ಕಾಕಾ, ಧಾರವಾಡಕ್ಕ ಹೋಗ್ರಿ" ಅಂದಳು. ತಲೆ ಎತ್ತಿ ನೋಡಲಿಲ್ಲ. ಅದೇ ಪರಸಪ್ಪನಿಗೆ ನಾಟಿತು.

ಸರ್ಕಾರದ ನೀತಿ ಏನಿದೆ ಎಂದು ಬುಡದಿಂದ ಓದಿ, ಅಧಿಕಾರಿಗಳು ಊರಿಗೆ ಬಂದು ಜನರ ದೂರು ಕೇಳುವ ಜನಸ್ಪಂದನ ಸಭೆಯಲ್ಲಿ ಇಡುತ್ತೇನೆ ಎಂದು ಹೊರಟ. ಹೋಗಲಿ, ಒಳ್ಳೆಯ ವಿಚಾರವೇ. ಊರಿನ ಗ್ರಂಥಾಲಯಕ್ಕೆ ಹೋಗಿ ಕುರ್ಚಿ ಎಳೆದುಕೊಂಡ. ಅಲ್ಲಿನ ಗ್ರಂಥಪಾಲಕಿ ಮಹೆಜಬೀನ ಬಂದವರಿಗೆ ಪೇಪರು ಕೊಟ್ಟು ಕೈತೊಳೆದುಕೊಳ್ಳುವವಳಲ್ಲ. ಕಪಾಟು ತಡಕಾಡಿ, ಕಂಪ್ಯೂಟರಿನಲ್ಲಿ ಸರ್ಕಾರದ ಜಾಲತಾಣ ಜಾಲಾಡಿ, ಅವನ ಮುಂದೆ ಎರಡು ತಂದಿಟ್ಟಳು.

ಒಂದು, ಇಲಾಖೆಯ ವಾರ್ಷಿಕ ವರದಿ. ಅದರ ಸೊಗಸನ್ನು ಏನೆಂದು ಹೇಳಲಿ. ರಟ್ಟಿನ ಮೇಲೆ ನಗುವ ತಾಯಿ, ನಗುವ ಮಗು, ಹಿಂದೆ ಹುಟ್ಟುತ್ತಿರುವ ಸೂರ್ಯ. ಒಳಗೆ ಬಣ್ಣದ ಚಿತ್ರಗಳು, ಮೇಲಕ್ಕೇ ಏರುವ ಗೆರೆಗಳು. ಆ ಪುಸ್ತಕದೊಳಗೆ ಯಾರೂ ಸಾಯುವುದಿಲ್ಲ, ಯಾರೂ ಪಾಳಿಯಲ್ಲಿ ನಿಲ್ಲುವುದಿಲ್ಲ, ಯಾವ ಔಷಧವೂ ತೀರುವುದಿಲ್ಲ. ಇನ್ನೊಂದು, ಲೆಕ್ಕ ತಪಾಸಣೆಯವರ ವರದಿಯ ಕೆಲವು ಪುಟ. ಮಹೆಜಬೀನ ಗ್ರಂಥಾಲಯದ ಮುದಿ ಪ್ರಿಂಟರಿನಲ್ಲಿ ತೆಗೆದದ್ದು. ಮಸುಕು ಅಕ್ಷರ, ಬಡಕಲು ಹಾಳೆ.

ಪರಸಪ್ಪ ಎರಡನ್ನೂ ಕಿವಿಗೆ ಹಿಡಿದು ಅಲುಗಿಸಿದ. ಓದುತ್ತ ಕುಳಿತವರು ಪೇಪರು ಕೆಳಗಿಳಿಸಿ ನೋಡಿದರು.

"ಆಹಾ, ಇದು ನೋಡ್ ಕಾಗದ ಅಂದ್ರ" ಎಂದು ವಾರ್ಷಿಕ ವರದಿಯ ಬೆನ್ನು ಸವರಿದ. "ಇಷ್ಟು ಚಲೋ ಹಾಳಿ ಮ್ಯಾಲೆ ಯಾರೂ ಸುಳ್ಳು ಅಚ್ಚು ಹಾಕೂದಿಲ್ಲ ತಂಗಿ. ಖರ್ಚ ಎಷ್ಟು ಬೀಳ್ತೈತಿ ಗೊತ್ತೇನು?"

"ಖರ್ಚು ಮಾಡಿದ್ದಕ್ಕ ನನಗ ಸಂಶಯ ಕಾಕಾ" ಅಂದಳು ಮಹೆಜಬೀನ. "ಆ ಇನ್ನೊಂದನ್ನೂ ಓದ್ರಿ. ಕರಿಹೊಂಡದ ಹೆಸರು ಅದರಾಗೂ ಐತಿ."

"ಇದನ್ನ? ನಮ್ಮ ಮಿಲ್ಲಿನಾಗ ಇಂಥ ಹಾಳಿ ಬಂದ್ರ ತಿರುಗಿ ಹೊಂಡಕ್ಕ ಒಗೀತಿದ್ವಿ, ಮತ್ತ ಅರೆದು ರಾಡಿ ಮಾಡಾಕ."

ಮಹೆಜಬೀನ ಮತ್ತೊಮ್ಮೆ ಹೇಳಿದಳು. ಅವನು ಮತ್ತೊಮ್ಮೆ ನಕ್ಕ. ಬಣ್ಣದ ವರದಿಯಲ್ಲಿ ಡಯಾಲಿಸಿಸ್ ಮಷೀನಿನ ಚಿತ್ರವಿತ್ತು, ಅದರ ಕೆಳಗೆ, ಕರಿಹೊಂಡವೂ ಸೇರಿ ಎಲ್ಲ ಕಡೆ ಸೇವೆ ಕಾರ್ಯನಿರತ ಎಂದು ಬರೆದಿತ್ತು. ಅಲ್ಲಿಗೆ ಪರಸಪ್ಪನ ಸಂಶೋಧನೆ ಮುಗಿಯಿತು. ಸರ್ಕಾರ ಕೊಟ್ಟಿದೆ, ಮಷೀನು ನಡೆಯುತ್ತಿದೆ, ನರ್ಸು ಮೈಗಳ್ಳಿ. ಇಷ್ಟನ್ನೇ ದೂರು ಎಂದು ಬರೆದ, ಅದೂ ತಾನು ಬಚ್ಚಿಟ್ಟಿದ್ದ ದಪ್ಪ ಹಾಳೆಯ ಮೇಲೆ.

ಸಭೆಯಲ್ಲಿ ಸಾಹೇಬರು ಈ ದೂರು ಓದಿ ಎಷ್ಟು ಖುಷಿಯಾದರೆಂದರೆ, ಪರಸಪ್ಪನಿಗೆ ಕುರ್ಚಿ ತರಿಸಿದರು. ಇಲಾಖೆಯ ವರದಿಯನ್ನೇ ಆಧಾರ ಮಾಡಿಕೊಂಡು ಬಂದ ದೂರುದಾರ ಎಲ್ಲಿ ಸಿಗಬೇಕು. "ನೋಡಿ, ಹೀಗೆ ದಾಖಲೆ ಸಮೇತ ಬರಬೇಕು. ಸರ್ಕಾರದ ಕಡೆಯಿಂದ ಲೋಪ ಇಲ್ಲ ಅಂತ ಇವರೇ ಹೇಳ್ತಿದ್ದಾರೆ. ತಪ್ಪು ಸಿಬ್ಬಂದಿಯದು" ಎಂದು ಮೈಕಿನಲ್ಲಿ ಹೊಗಳಿ, ಸುವರ್ಣಾಗೆ ನೋಟಿಸು ಕೊಡಲು ಹೇಳಿ, ದೂರನ್ನು ವಿಲೇವಾರಿ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ನಮ್ಮ ಜನ ಯಾವತ್ತೂ ಜಿಪುಣರಲ್ಲ.

ಡಯಾಲಿಸಿಸ್‌ನ ಮುಂದಿನ ಪಾಳಿಯ ದಿನ ಪರಸಪ್ಪ ಧಾರವಾಡದ ಬಸ್ಸು ಬಿಟ್ಟ. ಹೆಂಡತಿಯನ್ನು ಆಟೋದಲ್ಲಿ ಕೂರಿಸಿಕೊಂಡು, ಚಾದರ, ನೀರಿನ ಬಾಟಲಿ ಸಮೇತ ಕರಿಹೊಂಡದ ಆಸ್ಪತ್ರೆಯ ಮುಂದೆ ಇಳಿದ. ಗೋದುಬಾಯಿಯ ಮುಖ ಆಗಲೇ ಊದಿತ್ತು, ಮಾತಿಗೊಮ್ಮೆ ಉಸಿರು ಹಿಡಿಯುತ್ತಿತ್ತು.

ಸುವರ್ಣಾ ಅವರನ್ನು ನೋಡಿದಳು. ಬೈಯಲಿಲ್ಲ. ಹಿಂದಿನ ಕೋಣೆಯ ಬಾಗಿಲು ತೆರೆದು ನಿಂತಳು. ಒಳಗೆ ಮಷೀನು ಬಂದಾಗಿನ ಪ್ಲಾಸ್ಟಿಕ್ ಹೊದ್ದುಕೊಂಡೇ ಕುಳಿತಿತ್ತು.

"ಇದಕ್ಕ ಶುದ್ಧ ನೀರು ಬೇಕು ಕಾಕಾ, ಅದಕ್ಕ ಬ್ಯಾರೆ ಘಟಕ ಕಟ್ಟಬೇಕು. ಕಟ್ಟಿಲ್ಲ. ನಡಸಾಕ ಕಲಿತ ಮನಷ್ಯಾ ಬೇಕು. ಆ ಹುದ್ದೇನ ಮಂಜೂರಾಗಿಲ್ಲ. ನಾ ಸೂಜಿ ಚುಚ್ಚಾಕಿ. ನನ್ನ ಮ್ಯಾಲೆ ನೋಟಿಸ್ ಕೊಡಿಸೀರಿ."

ಪರಸಪ್ಪ ಬಾಯಿ ತೆರೆಯುವುದರೊಳಗೆ ಗೋದುಬಾಯಿ ಗೋಡೆ ಹಿಡಿದು ಕೆಳಗೆ ಕುಳಿತಳು. ಸುವರ್ಣಾ ಓಡಿ ಬಂದು ಆಮ್ಲಜನಕ ಹಚ್ಚಿದಳು, ಆಂಬುಲೆನ್ಸ್ ಕರೆಸಿದಳು, ಧಾರವಾಡಕ್ಕೆ ಫೋನು ಮಾಡಿ ಹಾಸಿಗೆ ಕಾಯ್ದಿರಿಸಿದಳು, ತಾನೂ ಹತ್ತಿ ಕುಳಿತಳು. ನೋಟಿಸಿಗೆ ಉತ್ತರ ಬರೆಯಬೇಕಾದವಳು ದಾರಿಯುದ್ದಕ್ಕೂ ದೂರುದಾರನ ಹೆಂಡತಿಯ ನಾಡಿ ಹಿಡಿದುಕೊಂಡಿದ್ದಳು. ಪರಸಪ್ಪ ಡ್ರೈವರನ ಪಕ್ಕದಲ್ಲಿ ಕುಳಿತು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಆ ಸಲ ಗೋದುಬಾಯಿ ಉಳಿದಳು. ಕಣ್ಣು ಬಿಟ್ಟವಳು ಮೊದಲು ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರೀ, ನಾ ಸತ್ತಿದ್ರ ತಿಥಿ ಪತ್ರಿಕಾ ಯಾವ ಹಾಳ್ಯಾಗ ಹಾಕಸ್ತಿದ್ರಿ? ದಪ್ಪಂದರಾಗೋ, ತೆಳ್ಳಂದರಾಗೋ?"

ಪರಸಪ್ಪ ಅವಳ ಚಾದರ ಸರಿಮಾಡಿದ.

"ಹೋಗ್ರಿ, ಆ ಗ್ರಂಥಾಲಯದ ಹುಡುಗಿ ಕೊಟ್ಟಿದ್ದನ್ನ ಓದ್ಕೊಂಡ ಬರ್ರಿ. ಅಲುಗಸಬ್ಯಾಡ್ರಿ, ಓದ್ರಿ."

ಓದಿದ. ಸುವರ್ಣಾ ಕೋಣೆಯಲ್ಲಿ ನಿಂತು ಹೇಳಿದ್ದೇ ಆ ಮಸುಕು ಪುಟಗಳಲ್ಲಿ ಸರ್ಕಾರದ್ದೇ ಭಾಷೆಯಲ್ಲಿತ್ತು: ನೀರಿನ ಘಟಕವಿಲ್ಲ, ಹುದ್ದೆಯಿಲ್ಲ, ಯಂತ್ರ ಬಳಕೆಯಾಗಿಲ್ಲ. ಮಹೆಜಬೀನ ಎದುರಿಗೇ ಕುಳಿತಿದ್ದಳು. ಅವನು ಮುಗಿಸುವವರೆಗೂ ಏನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮುಂದಿನ ಸಭೆಗೆ ಗಂಡ ಹೆಂಡತಿ ಇಬ್ಬರೂ ಹೋದರು. ಸಾಹೇಬರು ಈ ಸಲ ಕುರ್ಚಿ ತರಿಸಲಿಲ್ಲ. "ಯಜಮಾನರೇ, ನಿಮ್ಮ ದೂರು ವಿಲೇವಾರಿ ಆಗಿದೆ. ಅದೇ ವಿಷಯ ಮತ್ತೆ ತಗೊಳ್ಳೋಕೆ ಬರೋದಿಲ್ಲ."

"ಅವರದು ವಿಲೇವಾರಿ ಆಗೇತ್ರಿ, ನಂದು ಆಗಿಲ್ಲ" ಎಂದು ಗೋದುಬಾಯಿ ಮುಂದೆ ಬಂದಳು. "ನರ್ಸ್ ಮಷೀನ್ ನಡಸೂದಿಲ್ಲ ಅನ್ನೂದು ಅವರ ದೂರು. ಅದು ಸುಳ್ಳು. ಮಷೀನಿಗೆ ನೀರಿಲ್ಲ, ಮನಷ್ಯಾ ಇಲ್ಲ ಅನ್ನೂದು ನನ್ನ ದೂರು. ಹೇಳ್ರಿ, ಮೈಕಿನಾಗ ಹೇಳ್ರಿ" ಎಂದು ಗಂಡನ ಬೆನ್ನಿಗೆ ತಿವಿದಳು.

ಪರಸಪ್ಪ ಮೈಕಿನ ಮುಂದೆ ನಿಂತು, ತಾನು ಬರೆದದ್ದು ತಪ್ಪು, ಸುವರ್ಣಾ ಸಿಸ್ಟರದು ಏನೂ ತಪ್ಪಿಲ್ಲ, ಅವರ ನೋಟಿಸು ವಾಪಸು ತಗೊಳ್ಳಬೇಕು ಎಂದ. ಚಪ್ಪಾಳೆ ಬರಲಿಲ್ಲ.

ಸಾಹೇಬರು ಅವರು ಮುಂದಿಟ್ಟ ಬಡಕಲು ಹಾಳೆಗಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇದೇನಿದು? ಸೀಲಿಲ್ಲ, ರಟ್ಟಿಲ್ಲ. ಇಂಥದ್ದನ್ನೆಲ್ಲ ದಾಖಲೆ ಅನ್ನೋಕಾಗುತ್ತಾ?"

"ಸಾಹೇಬ್ರ, ನೀವೂ ಕಾಗದದ ಮಿಲ್ಲಿನಾಗ ಇದ್ರೇನು?" ಅಂದಳು ಗೋದುಬಾಯಿ. "ಇವರಿಗೂ ಮೊದಲ ಇದ ರೋಗ ಇತ್ತು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಸಭೆಯೇ ನಕ್ಕಿತು. ಸಾಹೇಬರು ದೂರಿಗೆ ಸಹಿ ಹಾಕಿದರು. ನಗುವ ಜನರ ಮುಂದೆ ಸಹಿ ಬೇಗ ಬೀಳುತ್ತದೆ.

ಉತ್ತರ ಬಂತು. ಸುವರ್ಣಾಳ ನೋಟಿಸು ಕೈಬಿಟ್ಟರು. ಯಂತ್ರ ನಡೆಯುತ್ತಿಲ್ಲ ಎಂದು ಇಲಾಖೆ ಒಪ್ಪಿಕೊಂಡಿತು. ಘಟಕ ಮತ್ತು ಹುದ್ದೆಗೆ ಪ್ರಸ್ತಾವನೆ ಮೇಲಕ್ಕೆ ಹೋಗಿದೆ, ಅಲ್ಲಿಯವರೆಗೆ ರೋಗಿಗಳು ಬೇರೆ ಕಡೆಯ ಸೇವೆ ಪಡೆಯಬಹುದು ಎಂದು ಬರೆದಿತ್ತು. ಮೇಲೆ ಅಂದರೆ ಎಲ್ಲಿ ಎಂದು ಮಾತ್ರ ಬರೆದಿರಲಿಲ್ಲ.

ಪರಸಪ್ಪ ಅದನ್ನು ಬೆಳಗಿನ ಧಾರವಾಡದ ಬಸ್ಸಿನಲ್ಲಿ ಕುಳಿತು ಹೆಂಡತಿಗೆ ಓದಿ ಹೇಳಿದ. ಅವಳು ಕಿಟಕಿಗೆ ತಲೆ ಆನಿಸಿ ಕೇಳಿದಳು.

"ಅಂದ್ರ ಮಷೀನ್ ನಡ್ಯಾಂಗಿಲ್ಲ ಅಂತ ಈಗ ಸರ್ಕಾರಕ್ಕೂ ಗೊತ್ತಾತು."

"ಹೂಂ."

"ಭಾಳ ಚಲೋ ಆತು. ಇಷ್ಟ ದಿನಾ ನಮಗ ಅಷ್ಟ ಗೊತ್ತಿತ್ತು" ಎಂದು ಕಣ್ಣು ಮುಚ್ಚಿದಳು. ಬಸ್ಸು ಹಳಿಯಾಳ ದಾಟುವಾಗ, ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಮುಂದಿನ ಸಭಾ ಯಾವಾಗ್ರಿ?"