ಮುದುರದ ಗಿಡ

ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡೋಳು. ವೈರಸ್ ಪಾಠ ಬಂದಾಗೆಲ್ಲ ಬೋರ್ಡಿನ ಕಡೆ ತಿರುಗಿ ಕಣ್ಣೊರೆಸ್ಕೋತೀನಿ. ಮಕ್ಕಳು ಸೀಮೆಸುಣ್ಣದ ಧೂಳು ಅನ್ಕೋತಾರೆ. ಅನ್ಕೊಳ್ಳಲಿ ಬಿಡಿ. ಒಂದು ಟೊಮೇಟೊ ಗಿಡಕ್ಕೋಸ್ಕರ ಟೀಚರ್ ಕಣ್ಣಲ್ಲಿ ನೀರು ಅಂತ ಗೊತ್ತಾದ್ರೆ ನಾಳೆಯಿಂದ ನನಗೆ ಯಾರು ಹೆದರ್ತಾರೆ?

ಗಿಡ ನಮ್ಮ ಮಾವನವರದ್ದು. ವಕ್ಕಲೇರಿ ಕಡೆ ನಮಗೆ ಸ್ವಲ್ಪ ಜಮೀನಿದೆ. ಒಂದಷ್ಟಕ್ಕೆ ರಾಗಿ, ಒಂದಷ್ಟಕ್ಕೆ ಹಿಪ್ಪುನೇರಳೆ, ಮಿಕ್ಕಿದ್ದೆಲ್ಲ ಟೊಮೇಟೊ. ಆ ಟೊಮೇಟೊಗೆ ಹಿಡಿದ ಶನಿ ಅಂದ್ರೆ ಮುದುರು ರೋಗ. ಬಿಳಿನೊಣ ಬಂದು ಎಲೆ ಅಡಿಗೆ ಕೂತು ರಸ ಹೀರತ್ತೆ, ಹೀರ್ತಾ ಹೀರ್ತಾ ವೈರಸ್ ಬಿಟ್ಟು ಹೋಗತ್ತೆ. ಎಲೆ ಹಳದಿಯಾಗಿ ದೊನ್ನೆ ಥರ ಮಡಚ್ಕೊಳತ್ತೆ, ಗಿಡ ಅಲ್ಲಿಗೇ ಕುಳ್ಳಗೆ ನಿಂತ್ಬಿಡತ್ತೆ. ಆಮೇಲೆ ಕಾಯಿ ಅನ್ನೋ ಮಾತೇ ಇಲ್ಲ. ಬೀಜದಂಗಡಿಯವನು ಪ್ರತಿ ಸಲ ಹೊಸ ಪ್ಯಾಕೆಟ್ ಕೈಗಿಟ್ಟು "ಇದು ರೋಗ ತಡೆಯತ್ತೆ ಯಜಮಾನ್ರೇ" ಅಂತಾನೆ. ಒಂದೆರಡು ಬೆಳೆ ಮಟ್ಟಿಗೆ ತಡೆಯತ್ತೆ. ಆಮೇಲೆ ಅದೂ ಮುದುರತ್ತೆ.

"ಅವನು ಸುಳ್ಳು ಹೇಳ್ತಾನೇನಮ್ಮ?" ಅಂತ ಒಂದಿನ ಮಾವ ನನ್ನನ್ನ ಕೇಳಿದ್ರು.

ಸುಳ್ಳಲ್ಲ ಮಾವ, ಅವನು ಹೇಳಿದಾಗ ಅದು ನಿಜಾನೇ, ಆಮೇಲೆ ವೈರಸ್ಸೇ ಬದಲಾಗತ್ತೆ ಅಂದೆ. ಗಿಡದೊಳಗೆ ಅದರ ನಕಲು ಲೆಕ್ಕವಿಲ್ಲದಷ್ಟು ಆಗತ್ತೆ, ನಕಲಲ್ಲಿ ತಪ್ಪು ಬೀಳತ್ತೆ. ಬಹಳಷ್ಟು ತಪ್ಪು ಕೆಲಸಕ್ಕೆ ಬಾರದವು. ಎಲ್ಲೋ ಒಂದು ತಪ್ಪು ಮಾತ್ರ ಹೊಸ ಬೀಜದ ಬೀಗ ತೆಗೆದುಬಿಡತ್ತೆ, ಅದರ ವಂಶಾನೇ ಹೊಲ ತುಂಬಿಕೊಳತ್ತೆ. ಇನ್ನು ಎರಡು ಜಾತಿ ವೈರಸ್ ಒಂದೇ ಗಿಡದಲ್ಲಿ ಸೇರಿದ್ರೋ, ತುಂಡು ತುಂಡು ಅದಲುಬದಲು ಮಾಡ್ಕೊಂಡು ಮೂರನೇದು ಹುಟ್ಟತ್ತೆ, ಮುಳಬಾಗಿಲ ಕಡೆ ಮಾತಲ್ಲಿ ಕನ್ನಡ ತೆಲುಗು ಬೆರೀತಾವಲ್ಲ, ಹಾಗೆ.

"ಕೊರೊನಾ ವೇಷ ಬದಲಾಯಿಸ್ತಾ ಬಂತಲ್ಲ, ಅಂಗೆ ಅನ್ನು. ನಾವು ಚಾಪೆ ಕೆಳಗೆ ತೂರಿದ್ರೆ ಅದು ರಂಗೋಲಿ ಕೆಳಗೆ ತೂರ್ತದೆ." ಮಾವ ಬೀಡಿ ಹಚ್ಚೋದನ್ನೂ ಮರೆತು ಯೋಚನೆ ಮಾಡಿದ್ರು. "ಸರಿ, ಅಂಥ ತಪ್ಪು ಗಿಡದಲ್ಲೂ ಆಗ್ಬೋದಲ್ಲಮ್ಮ ಟೀಚರಮ್ಮ? ನಮಗೆ ಬೇಕಾದಂಥ ತಪ್ಪು?"

ಆಗಬಹುದು ಅಂದೆ. ಅಷ್ಟೇ. ಮಾವನಿಗೆ ಅದೊಂದು ಹುಚ್ಚು ಹತ್ತಿತು. ಬಾವಿ ಪಕ್ಕದ ತುಂಡಲ್ಲಿ ತಾವೇ ಎತ್ತಿಟ್ಟಿದ್ದ ನಾಟಿ ಬೀಜ ಹಾಕಿದ್ರು, ಔಷಧಿ ಹೊಡೀಲಿಲ್ಲ. ರೋಗ ಬರಲಿ ಅಂತ ಕಾದ ರೈತನ್ನ ನೀವೆಲ್ಲಾದ್ರೂ ನೋಡಿದೀರಾ? ಅತ್ತೆ ಹಣೆ ಚಚ್ಕೊಂಡ್ರು. ಹೊಲದಲ್ಲಿ ಹೋಗೋ ಬರೋರೆಲ್ಲ ನಕ್ಕರು. ಮೊದಲನೇ ಸಲ ಎಲ್ಲಾ ಮುದುರಿತು. ಆಮೇಲಿನ ಸಲಾನೂ ಮುದುರಿತು. ಅದರ ಮುಂದಿನ ಬೇಸಿಗೆ ಒಂದು ಬೆಳಗ್ಗೆ ಮಾವ ಓಡೋಡಿ ಬಂದು, ಸ್ಕೂಲಿಗೆ ಹೊರಟಿದ್ದ ನನ್ನ ಕೈ ಹಿಡಿದು ಎಳ್ಕೊಂಡು ಹೋದ್ರು. ಖುಷಿಯಾದ್ರೆ ಅವರ ಬಾಯಲ್ಲಿ ತೆಲುಗೇ ಬರೋದು. "ಚೂಡಮ್ಮಾ, ಚೂಡು!" ನೋಡು ನೋಡು ಅಂತ. ಸುತ್ತ ಎಲ್ಲಾ ಹಳದಿ ಮುದ್ದೆ. ನಡುವೆ ಒಂದೇ ಒಂದು ಗಿಡ, ಎಲೆ ಹರವಿಕೊಂಡು, ಹಸಿರಾಗಿ, ಮೈತುಂಬ ಹೂ ಬಿಟ್ಕೊಂಡು ನಿಂತಿತ್ತು.

ನಾನು ಪಾಠ ಹೇಳೋಳಲ್ವಾ, ಸುಮ್ಮನಿರಲಿಲ್ಲ. ಇದು ಗಿಡದ ಗುಣಾನೋ, ಬಿಳಿನೊಣ ಇದೊಂದನ್ನ ಮರೆತುಹೋಯ್ತೋ ಗೊತ್ತಿಲ್ಲ ಮಾವ, ಇದರ ಬೀಜ ಹಾಕಿ ನೋಡಿದ್ರೇ ತಿಳಿಯೋದು ಅಂದೆ. ಹಾಕೋಣ ಅಂದ್ರು. ಆಳುಗಳು ಕಾಯಿ ಕೀಳದಿರಲಿ ಅಂತ ಅತ್ತೆಯ ಹಳೇ ಸೀರೆಯ ಕೆಂಪು ಸೆರಗು ಹರಿದು ಗಿಡಕ್ಕೆ ಕಟ್ಟಿದ್ರು.

ಬೆಂದುಹೋದ ಹೊಲದ ನಡುವೆ ಒಂದೇ ಹಸಿರು ಗಿಡ, ಅದಕ್ಕೆ ಮನೆ ಯಜಮಾನನೇ ಕಟ್ಟಿದ ಕೆಂಪು ಬಟ್ಟೆ. ನಮ್ಮ ಜನಕ್ಕೆ ಇನ್ನೇನು ಬೇಕು ಹೇಳಿ? ಕಳೆ ಕೀಳೋಕೆ ಬಂದ ಹೆಂಗಸೊಬ್ಬಳು ಕೈಮುಗಿದಳು. ಮಾರನೇ ದಿನ ಬುಡದಲ್ಲಿ ಅರಿಶಿನ ಕುಂಕುಮ. ಆಮೇಲೆ ನಿಂಬೆಹಣ್ಣು, ಬಳೆ. ಅಮ್ಮ ಬಂದು ನೆಲೆಸಿದ್ದಾಳೆ ಅಂತ ಊರೆಲ್ಲ ಮಾತಾಯ್ತು. ಮಾವ ಇದೆಲ್ಲ ನಿಲ್ಲಿಸ್ತಾರೆ ಅನ್ಕೊಂಡ್ರೆ, ಮೀಸೆಯಡಿ ನಗ್ತಾ, "ಇರಲಿ ಬಿಡಮ್ಮ, ದೇವರ ಗಿಡಕ್ಕೆ ಯಾವ ಕಳ್ಳ ಕೈ ಹಾಕ್ತಾನೆ? ಬಿಟ್ಟಿ ಕಾವಲು!" ಅಂದ್ರು. ನನಗೂ ಅದು ಸರಿ ಅನ್ನಿಸ್ತು.

ಕಾಯಿ ಹಣ್ಣಿಗೆ ತಿರುಗ್ತಿದ್ದಾಗ ಕುರುಡುಮಲೆ ಹತ್ತಿರದ ನೆಂಟರ ಮನೇಲಿ ಮಗೂಗೆ ಹೆಸರಿಡೋ ಕಾರ್ಯ ಬಂತು. ಮಾವ, ನಾನು, ನಮ್ಮೆಜಮಾನ್ರು ಹೋದ್ವಿ. ಮಾಲೂರಿಗೆ ಕೊಟ್ಟಿದ್ದ ನಮ್ಮ ನಾದಿನಿ ಬರಲಿಲ್ಲ. ಮದುವೆಯಾಗಿ ವರ್ಷಗಳಾದ್ರೂ ಅವಳಿಗೆ ಮಕ್ಕಳಿಲ್ಲ. ಅಂಥ ಕಡೆ ಹೋದ್ರೆ "ಏನಮ್ಮಾ, ಇನ್ನೂ ವಿಶೇಷ ಇಲ್ವಾ?" ಅಂತ ಕೇಳೋ ಬಾಯಿಗಳು ಎಷ್ಟಿರ್ತಾವೆ. ಅವಳು ತಾಯಿ ಜೊತೆ ಇರ್ತೀನಿ ಅಂತ ನಮ್ಮನೆಗೆ ಬಂದಳು.

ನಾವು ವಾಪಸ್ ಬಂದಾಗ ಸಂಜೆ. ಮಾವ ಚಪ್ಪಲಿ ಕೂಡ ಬಿಡದೆ ಸೀದಾ ಹೊಲಕ್ಕೆ ಹೋದ್ರು, ಹಿಂದೆ ನಾನು. ಗಿಡದ ಬುಡದಲ್ಲಿ ಹಾಲು ಹರಿದಿತ್ತು. ಕರ್ಪೂರ, ಸಾಂಬ್ರಾಣಿ ಕೆಂಡ ಇಟ್ಟಿದ್ದಕ್ಕೆ ಕಾಂಡ ಕಪ್ಪಗೆ ಸುಟ್ಟುಹೋಗಿತ್ತು. ಎಲೆ, ಕುಡಿ, ಕಾಯಿ, ಹಣ್ಣು ಒಂದೂ ಇಲ್ಲ. ಎಲ್ಲಾ ಪ್ರಸಾದವಾಗಿ ಹೋಗಿತ್ತು. ಶುಕ್ರವಾರ, ಹೆಂಗಸರೆಲ್ಲ ಸೇರಿ ಪೂಜೆ ಮಾಡಿದ್ರಂತೆ. ಮೊದಲನೇ ಹಣ್ಣು, ಚೆನ್ನಾಗಿ ಕೆಂಪಗೆ ಹಣ್ಣಾಗಿದ್ದು ಅದೊಂದೇ, ಅತ್ತೆ ಮಗಳ ಮಡಿಲಿಗೆ ಹಾಕಿ, ಅಲ್ಲೇ ತಿನ್ನಿಸಿದ್ರಂತೆ.

ನಾನು ಕಿರುಚಿದೆ. ಅಯ್ಯೋ, ಏನು ಮಾಡಿದ್ರಿ ಅತ್ತೆ ಅಂತ ಬಾಯಿಗೆ ಬಂದಂಗೆ ಅಂದೆ. ಪುಣ್ಯಕ್ಕೆ ನಾದಿನಿ ಅಷ್ಟೊತ್ತಿಗೆ ಮಾಲೂರು ಬಸ್ಸು ಹತ್ತಿದ್ದಳು. ಮನೆಮನೆಗೆ ಹೋಗಿ ಬೀಜ ಉಳಿದಿದ್ಯಾ ಅಂತ ಕೇಳಿದೆ. ಅವರಿಗೆ ಸಿಕ್ಕಿದ್ದೆಲ್ಲ ಹಸಿ ಕಾಯಿ, ಬೀಜ ಬಲಿತೇ ಇರಲಿಲ್ಲ. ಒಬ್ಬಳು ಚಟ್ನಿ ಮಾಡಿದ್ದಳು, ಇನ್ನೊಬ್ಬಳು ಸಾರಿಗೆ ಹಾಕಿದ್ದಳು. ಉಳಿದಿದ್ದ ಒಂದು ತುಂಡು ಕಾಂಡ ತಂದು ನೀರಲ್ಲಿಟ್ಟೆ, ಬೇರು ಬಿಡಲಿ ಅಂತ. ಕೊಳೆತುಹೋಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ನಮ್ಮ ಮನೇಲಿ ಬಾಯಿಗೆ ಬಂದೇ ಕೆಟ್ಟಿತು.

ಮಾವ ಒಂದು ಮಾತೂ ಬೈಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮುಖಾನೂ ನನ್ನ ಮುಖಾನೂ ನೋಡಿ ಹೇಳಿದ್ದು ಇಷ್ಟೇ: "ಅದು ಎಂಥ ಗಿಡ ಅಂತ ಮಗಳಿಗೆ ಗೊತ್ತಾಗಬಾರದು. ನಂಬಿ ತಿಂದವಳೆ. ಹೊಟ್ಟೆಗೆ ಚೆನ್ನಾಗಾಗಲಿ."

ಮಗು ಆಗಲಿಲ್ಲ. ಮಾವ ಆಮೇಲೂ ಬೇಸಿಗೆ ಬೇಸಿಗೆ ಬಾವಿ ಪಕ್ಕ ಬಿತ್ತಿದ್ರು, ಹುಡುಕಿದ್ರು. ಅಂಥ ಗಿಡ ಮತ್ತೆ ಬರಲಿಲ್ಲ. ಕೊನೆಗೆ ಅಲ್ಲಿಗೂ ಹಿಪ್ಪುನೇರಳೆ ಹಾಕಿಸಿದ್ರು. ಅಂಗಡಿಯವನ ಹೊಸ ಬೀಜವೂ ಹೋದ ವರ್ಷ ಮುದುರಿತು. ವೈರಸ್ಸಿಗೆ ಕಾಯೋ ಕಷ್ಟ ಇಲ್ಲ, ಒಂದು ತಪ್ಪು ಸೋತ್ರೆ ಅದರ ಹಿಂದೆ ಇನ್ನೊಂದು ತಪ್ಪು ಸಾಲಾಗಿ ಬರ್ತಾನೇ ಇರತ್ತೆ. ನಮಗೆ ಬಂದಿದ್ದು ಒಂದೇ. ಅದು ಗುಣವೋ ಬರೀ ಅದೃಷ್ಟವೋ, ಈ ಜನ್ಮದಲ್ಲಿ ತಿಳಿಯಲ್ಲ. ನನ್ನ ಸಂಕಟ ಅದೇ.

ಮೊನ್ನೆ ನಾದಿನಿ ಬಂದಿದ್ದಳು. ಅಡುಗೆಮನೇಲಿ ಸಾರಿಗೆ ಟೊಮೇಟೊ ಹೆಚ್ಚಿಕೊಡ್ತಾ ಇದ್ದೋಳು ಕೈ ನಿಲ್ಲಿಸಿದಳು.

"ಅತ್ತಿಗೆ, ಅವತ್ತು ಬೀಜ ಬಾಯಲ್ಲೇ ಇತ್ತು ಕಣ್ರೀ. ನಾಲಿಗೆ ಕೆಳಗೆ ಇಟ್ಕೊಂಡಿದ್ದೆ."

ನಾನು ಒಲೆ ಸಣ್ಣ ಮಾಡಿದೆ.

"ಗಿಡ ಸಿಕ್ಕಿದ ದಿನ ಅಪ್ಪ ನನಗೇ ಮೊದಲು ಫೋನ್ ಮಾಡಿದ್ರು. ಏನು ಖುಷಿ ಅವರಿಗೆ. ಈಗ ನನ್ನ ಮುಂದೆ ಅದು ಬರೀ ದೇವರ ಗಿಡ ಅನ್ನೋ ಹಾಗೆ ಮಾತಾಡ್ತಾರೆ, ನನಗೆ ಹೇಳಿದ್ದನ್ನೇ ಮರ್ತಿದಾರೆ. ಅಮ್ಮ ಹಣ್ಣು ಬಾಯಿಗಿಟ್ಟಾಗ ಅದು ಏನು ಅಂತ ನನಗೆ ಗೊತ್ತಿತ್ತು. ಸೆರಗಲ್ಲಿ ಉಗುಳ್ಕೊಂಡು ಬಂದುಬಿಡೋಣ ಅನ್ಕೊಂಡೆ. ಎಲ್ಲರೂ ನನ್ನ ಬಾಯೇ ನೋಡ್ತಿದ್ರು. ಪ್ರಸಾದ ಉಗುಳಿದ್ರೆ ಏನಂತಾರೆ? ಅದೂ ನಾನು ಉಗುಳಿದ್ರೆ? ನುಂಗಿಬಿಟ್ಟೆ." ಮತ್ತೆ ಹೆಚ್ಚೋಕೆ ಶುರುಮಾಡಿದಳು. "ಅಪ್ಪಂಗೆ ಹೇಳಬೇಡಿ."

ಅವಳನ್ನ ಬಸ್ಸು ಹತ್ತಿಸಿ ಬಂದಾಗ ಮಾವ ಜಗಲಿ ಮೇಲೆ ಕೂತಿದ್ರು.

"ಅಡುಗೆಮನೇಲಿ ಏನೋ ತುಂಬಾ ಹೊತ್ತು ಮಾತಾಡ್ತಿದ್ರಿ. ಆ ಗಿಡದ ವಿಷಯ ಅವಳಿಗೇನೂ ಗೊತ್ತಿಲ್ಲ ತಾನೇ?"

"ಇಲ್ಲ ಮಾವ" ಅಂದೆ.

"ಒಳ್ಳೇದಾಯ್ತು ಬಿಡು" ಅಂದ್ರು ಮಾವ.