ದರ್ಜಿಯ ಮೊದಲ ನಡೆ

ಚದುರಂಗದಲ್ಲಿ ಬಿಳಿ ಕಾಯಿಯ ಮೊದಲ ನಡೆಯನ್ನು ತನ್ನಷ್ಟು ಬಲ್ಲವರು ಭೂಮಿಯ ಮೇಲಿಲ್ಲ ಎಂದು ನಮ್ಮ ಬೀದಿಯ ದರ್ಜಿ ಸಾರುತ್ತಾನೆ. ಹೊತ್ತು ಮುಳುಗುವ ಮುಂಚೆ ಅವನು ಅದನ್ನು ನಡೆಸಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ಗಿರಾಕಿಯ ಬಟ್ಟೆಗೆ ಕಣ್ಣುಮುಚ್ಚಿ ಕತ್ತರಿ ಹಾಕುವ ಆ ಕೈ ಕಾಯಿಯನ್ನು ತಲುಪುವಷ್ಟರಲ್ಲಿ, ಚಡ್ಡಿಗೆ ಅಳತೆ ಕೊಟ್ಟುಹೋದ ಮಗು ಮೀಸೆ ಹೊತ್ತು ಬಂದದ್ದುಂಟು. ರಾಜನ ಮುಂದಿನ ಕಾಲಾಳನ್ನು ಮುಟ್ಟಿ, "ಇವನು ಹೋದ್ರೆ ರಾಜನ ಎದೆ ಬೋಳು" ಎಂದು ಬಿಡುತ್ತಾನೆ. ಕುದುರೆಯ ಕಿವಿ ಸವರಿ, "ಇದಿನ್ನೂ ಮೇವು ತಿಂದಿಲ್ಲ" ಎನ್ನುತ್ತಾನೆ. ದರ್ಜಿಯ ಮನೆ ಜಗಲಿಯಲ್ಲಿ ಎದುರಿಗೆ ಕೂತವರು ಅವನ ಭಾವ, ತೀರಿಹೋದ ಅಕ್ಕನ ಗಂಡ. "ನಡೆಸಯ್ಯ, ಕಪ್ಪು ಕಾಯಿಗೂ ನರೆ ಬಂತು" ಎಂದು ಗೊಣಗುತ್ತಾರೆ. ಆಟ ಶುರುವಾದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಗೆದ್ದು ಮನೆಗೆ ಹೊರಡುವವರು ಅವರು. ಆ ಮನೆಯಲ್ಲಿ ಅಕ್ಕ ಹೋದಂದಿನಿಂದ ಒಲೆ ಹೊತ್ತಿಲ್ಲ. ಊಟಕ್ಕೆ ಕರೆದರೆ "ಹಸಿವಿಲ್ಲ" ಎಂದು ಎದ್ದುಬಿಡುವ ಮಾನಿ. ಆದರೆ ಹೂಡಿದ ಆಟ ಬಿಟ್ಟು ಏಳುವವರಲ್ಲ, ಮಣೆಯ ಪಕ್ಕ ತಟ್ಟೆ ಇಟ್ಟರೆ ಕಾಯಿ ನೋಡುತ್ತಲೇ ಉಂಡುಬಿಡುತ್ತಾರೆ. ಮೊನ್ನೆ ನಾನೇ ತಾಳ್ಮೆಗೆಟ್ಟು, "ಯಾವುದಾದ್ರೂ ಒಂದನ್ನ ತಳ್ಳಯ್ಯ, ಪುಣ್ಯಾತ್ಮ!" ಎಂದೆ. ದರ್ಜಿ ಅಡುಗೆಮನೆಯತ್ತ ಒಮ್ಮೆ ನೋಡಿ, ನನ್ನ ಕಿವಿಗೆ ಬಾಗಿ ಹೇಳಿದ: "ಕುಕ್ಕರ್ ಕೂಗ್ಲಿ ಸ್ವಾಮಿ, ಆಮೇಲೆ ಯಾವ ಕಾಯಿ ತಳ್ಳಿದ್ರೂ ಗೆಲುವು ನಂದೇ."